ಯಾಕ ಬಂತ್ರಿ ಈ ರೋಗ?

ವಿಜಯಪುರದ ನನ್ನ ಮಾನಸಿಕ ರೋಗಗಳ ಕ್ಲಿನಿಕ್‌ಗೆ ಮೊದಲ ಸಲ ಬರುವ ಮನೆಯವರು ರೋಗದ ಹೆಸರು ಕೇಳುವುದು ಕಡಿಮೆ. ಕಾರಣ ಕೇಳುತ್ತಾರೆ. ಬಹಳ ಸಲ ಅದನ್ನೂ ಅವರೇ ತಂದಿರುತ್ತಾರೆ. "ರಾತ್ರಿ ಹೊಲದಿಂದ ಬರೋವಾಗ ಅಂಜ್ಯಾನ್ರಿ." "ಪರೀಕ್ಷಾ ನಪಾಸಾದ ಮ್ಯಾಲ ಹಿಂಗಾತ್ರಿ." "ಯಾರೋ ಮಾಡಿಸ್ಯಾರ್ರಿ ಸರ್." ಭಾನಾಮತಿಯ ಮಾತು ಈ ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಕೇಳಿ ನಾನು ನಗುವುದಿಲ್ಲ. ಚಲೋ ಇದ್ದ ಮಗ ತಿಂಗಳೊಪ್ಪತ್ತಿನಲ್ಲಿ ಬೇರೆಯೇ ಮನುಷ್ಯ ಆದರೆ ಯಾರಾದರೂ ಕಾರಣ ಹುಡುಕುತ್ತಾರೆ, ಅಲ್ವಾ? ತೊಂದರೆ ಶುರುವಾಗುವುದು ಆಮೇಲೆ. ಕಾರಣ ಒಂದೇ ಅಂತ ಗಟ್ಟಿಯಾದ ಕೂಡಲೇ ಅದಕ್ಕೆ ತಕ್ಕ ಚಿಕಿತ್ಸೆಯನ್ನೂ ಮನೆಯವರೇ ಶುರು ಮಾಡುತ್ತಾರೆ. ಅಂಜಿಕೆಗೆ ತಾಯತ. ಮಾಟಕ್ಕೆ ಮಾಟ ತೆಗೆಸುವುದು. ಲವ್ ಮುರಿದಿದ್ದರೆ ಮದುವೆ.

ಇದರಲ್ಲಿ ನನಗೆ ಸಿಟ್ಟು ಬರುವುದು ಕೊನೆಯದಕ್ಕೆ. ತಾಯತದಿಂದ ಏನೂ ಕೆಡುವುದಿಲ್ಲ. ಕಟ್ಟಿಕೊಂಡೇ ಗುಳಿಗೆ ನುಂಗಬಹುದು. ಆದರೆ ಕಿವಿಯಲ್ಲಿ ಧ್ವನಿ ಕೇಳುವ, ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಾರೆ ಅಂತ ನಂಬಿದ ಹುಡುಗನಿಗೆ ಮದುವೆ ಮಾಡಿದರೆ ಸ್ಕಿಝೋಫ್ರೇನಿಯಾ ಹೋಗುವುದಿಲ್ಲ. ಹೆಣ್ಣಿನ ಮನೆಗೆ ಹೇಳಿರುವುದಿಲ್ಲ. ಗುಳಿಗೆ ಕಂಡರೆ ಕಷ್ಟ ಅಂತ ನಿಲ್ಲಿಸಿಬಿಡುತ್ತಾರೆ. ಮದುವೆ ಗದ್ದಲದಲ್ಲಿ ನಿದ್ದೆಯೂ ಇಲ್ಲ. ರೋಗ ತಿರುಗಿ ಬರಲು ಇನ್ನೇನು ಬೇಕು? ರೋಗ ಮಗಳಿಗೆ ಇದ್ದರೆ ಅವಳು ತವರಿಗೆ ವಾಪಸ್. ಮೊದಲೇ ಹೇಳಿ, ಗುಳಿಗೆ ಬಿಡದೆ ಮಾಡಿದ ಮದುವೆಗಳು ಚೆನ್ನಾಗಿ ನಡೆದದ್ದನ್ನೂ ನೋಡಿದ್ದೇನೆ.

ಹಳೆ ಮಾಳಿಗೆ ಮನೆ ಬಿದ್ದರೆ ಮಳೆಗೆ ಬಿತ್ತು ಅನ್ನುತ್ತೇವೆ. ಅದೇ ಮಳೆಗೆ ಪಕ್ಕದ ಮನೆ ಯಾಕೆ ಬೀಳಲಿಲ್ಲ? ತೊಲೆಗೆ ಗೆದ್ದಲು ಹಿಡಿದಿತ್ತು, ಗೋಡೆಗೆ ಹಸಿ ಏರಿತ್ತು, ಮಳೆ ಕೊನೆಗೆ ಬಂತು. ಮಾನಸಿಕ ರೋಗವೂ ಹೀಗೇ ಹಲವು ಕಡೆಯಿಂದ ಕೂಡಿ ಬರುತ್ತದೆ. ಸ್ಕಿಝೋಫ್ರೇನಿಯಾ ಜೀವಮಾನದಲ್ಲಿ ಸುಮಾರು 100ರಲ್ಲಿ ಒಬ್ಬರಿಗೆ ಬರುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ಅದು 100ರಲ್ಲಿ ಸುಮಾರು 10. ಅಂದರೆ ಉಳಿದ 90 ಜನರಿಗೆ ಬರುವುದಿಲ್ಲ. ಒಂದೇ ತರಹದ ಅವಳಿ ಮಕ್ಕಳಲ್ಲಿ ಒಬ್ಬರಿಗೆ ಇದ್ದರೂ ಇನ್ನೊಬ್ಬರಿಗೆ ಬರಲೇಬೇಕೆಂದಿಲ್ಲ. ವಂಶದ ಜೊತೆಗೆ ಹುಟ್ಟುವಾಗಿನ ತೊಂದರೆ, ಸಣ್ಣ ವಯಸ್ಸಿನಲ್ಲಿ ಪಟ್ಟ ಹಿಂಸೆ, ಹದಿವಯಸ್ಸಿನ ಗಾಂಜಾ, ಸಾಲ, ಊರು ಬಿಟ್ಟು ದುಡಿಯಲು ಹೋದ ಒಂಟಿತನ, ಎಲ್ಲಕ್ಕೂ ಪಾಲಿದೆ. ಕೆಲವು ಸಲ ಮೂಲ ದೇಹದಲ್ಲೇ ಇರುತ್ತದೆ. ಥೈರಾಯ್ಡ್ ಕಡಿಮೆಯಾದರೆ, ಬಿ12 ವಿಟಮಿನ್ ಇಳಿದರೆ ಖಿನ್ನತೆಯ ಹಾಗೇ ಕಾಣಬಹುದು. ಅದಕ್ಕೇ ರಕ್ತ ಪರೀಕ್ಷೆ ಬರೆಯುತ್ತೇವೆ, ಸುಮ್ನೆ ಅಲ್ಲ.

ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಬಹುದಾದ ಕಾಯಿಲೆಯೂ ಉಂಟು. ಅದನ್ನೇ ನಮ್ಮ ಜನ ದೆವ್ವ ಅನ್ನುತ್ತಾರೆ. ವರ್ಷಗಟ್ಟಲೆ ದಿನಾ ಕುಡಿದವರು ಶ್ರಾವಣ ಬಂತು ಅಂತ ಒಮ್ಮೆಲೇ ಬಿಡುತ್ತಾರೆ. ಎರಡು ಮೂರು ದಿನಕ್ಕೆ ಕೈ ನಡುಗುತ್ತದೆ, ಬೆವರು ಇಳಿಯುತ್ತದೆ, ಗೋಡೆ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಮನೆಯವರ ಗುರುತು ಸಿಗುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಇದು ಜೀವಕ್ಕೇ ಅಪಾಯ. ಗುಡಿಗೆ ಆಮೇಲೆ ಹೋಗಿ, ಮೊದಲು ಆಸ್ಪತ್ರೆಗೆ ಸೇರಿಸಿ. ಬಿ1 ವಿಟಮಿನ್ ಇಂಜೆಕ್ಷನ್, ನಡುಕ ತಡೆಯುವ ಔಷಧಿ ಬೇಗ ಸಿಕ್ಕರೆ ಬಹಳ ಜನ ಕೆಲವೇ ದಿನಗಳಲ್ಲಿ ಎದ್ದು ಕೂರುತ್ತಾರೆ. ಕುಡಿತ ಬಿಡುವ ಹರಕೆ ಹೊರುವವರು ಅದಕ್ಕೂ ಮೊದಲೇ ಒಬ್ಬ ಡಾಕ್ಟರನ್ನು ಕಂಡರೆ ಇನ್ನೂ ಒಳ್ಳೆಯದು.

ಬಾಣಂತಿ ಸನ್ನಿಯಲ್ಲೂ ಹಾಗೇ, ಮೊದಲು ಆಸ್ಪತ್ರೆ. ಸಾವಿರ ಹೆರಿಗೆಗೆ ಒಂದೆರಡು, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ನಿದ್ದೆ ಇಲ್ಲ, ಮಾತಿಗೆ ಮಾತು ಹೊಂದುವುದಿಲ್ಲ, ಕೂಸಿನ ಬಗ್ಗೆ ಏನೇನೋ ಅನುಮಾನ. ಥಂಡಿ ಹತ್ತಿತು, ಗಾಳಿ ಸೋಕಿತು ಅಂತ ಕೋಣೆಯಲ್ಲಿ ಕೂಡಿಹಾಕಬೇಡಿ. ತಾಯಿಗೂ ಕೂಸಿಗೂ ಅಪಾಯವಿದೆ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆ ಇದು.

ಒಂದೇ ಕಾರಣದ ನಂಬಿಕೆ ಚಿಕಿತ್ಸೆಯ ಕೊನೆಯಲ್ಲೂ ಕೈ ಕೊಡುತ್ತದೆ. ಸಾಲ ತೀರಿತು, ಪರೀಕ್ಷೆ ಪಾಸಾಯಿತು, ಮತ್ತೆ ಗುಳಿಗೆ ಯಾಕೆ ಅನ್ನುತ್ತಾರೆ. ಖಿನ್ನತೆಯ ಗುಳಿಗೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಗುಣ ಕಾಣುವುದಿಲ್ಲ. ಅಲ್ಲೇ ಅರ್ಧ ಜನ ಬಿಟ್ಟುಬಿಡುತ್ತಾರೆ ಅನಿಸುತ್ತದೆ. ಪೂರ್ತಿ ಆರಾಮಾದ ಮೇಲೂ ಕಡಿಮೆ ಅಂದರೆ ಆರು ತಿಂಗಳು ಮುಂದುವರಿಸಬೇಕು. ಆಮೇಲೆ ನಿಧಾನ ಇಳಿಸಬೇಕು. ಇದು ಚಟ ಹಿಡಿಸುವುದಿಲ್ಲ. ಚಟ ಹಿಡಿಸುವುದು ಚೀಟಿ ಇಲ್ಲದೆ ಔಷಧಿ ಅಂಗಡಿಯಲ್ಲಿ ತಂದು ನುಂಗುವ ಆಲ್ಪ್ರಾಜೋಲಾಮ್ ಅನ್ನುವ ನಿದ್ದೆ ಗುಳಿಗೆ. ಅದರ ಬಗ್ಗೆ ಯಾರೂ ಅಂಜುವುದಿಲ್ಲ ನೋಡಿ!

ಒಮ್ಮೆ ಅತಿ ಉತ್ಸಾಹ, ಒಮ್ಮೆ ಖಿನ್ನತೆ ಬರುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಗುಳಿಗೆ ನುಂಗುವವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಯುಗಾದಿಗೆ ಮೊದಲು ನಮ್ಮ ಜಿಲ್ಲೆಗಳಿಂದ ಬಹಳ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಬಿಸಿಲು, ಬೆವರು, ಕಾಲು ನೋವಿಗೆ ದಾರಿಯಲ್ಲಿ ಸಿಗುವ ನೋವಿನ ಗುಳಿಗೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಏರಿಸುತ್ತವೆ. ಹಾಗಂತ ಗುಳಿಗೆ ಮನೆಯಲ್ಲೇ ಬಿಟ್ಟು ಹೋಗಬೇಡಿ. ಹೊರಡುವ ಮೊದಲು ರಕ್ತದ ಮಟ್ಟ ನೋಡಿಸಿ, ದಾರಿಯಲ್ಲಿ ನೀರು ಕುಡಿಯುತ್ತಿರಿ, ಊಟದಲ್ಲಿ ಉಪ್ಪು ಬಿಡಬೇಡಿ. ವಾಂತಿ ಭೇದಿ, ಜೋರು ನಡುಕ, ನಡೆಯುವಾಗ ತೂರಾಟ ಕಂಡರೆ ಆ ಹೊತ್ತಿನ ಗುಳಿಗೆ ತಡೆದು ನೇರ ಆಸ್ಪತ್ರೆಗೆ ಹೋಗಿ. ಮಲ್ಲಯ್ಯ ಮುಂದಿನ ವರ್ಷವೂ ಅಲ್ಲೇ ಇರುತ್ತಾನೆ.

ಕರೆಂಟ್ ಶಾಕ್ ಚಿಕಿತ್ಸೆ ಬಗ್ಗೆ ಕೇಳುವವರಿಗೆ ಚಿಕ್ಕ ಉತ್ತರ: ಸಿನಿಮಾದಲ್ಲಿ ತೋರಿಸುವ ಹಾಗಿಲ್ಲ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಕೊಡದೆ ಮಾಡುವಂತಿಲ್ಲ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ, ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಬಹುದು. ಸಾಯುವ ಮಾತು ಬಂದರೆ ಮನೆಯ ಕ್ರಿಮಿನಾಶಕ ಬೀಗದೊಳಗೆ ಇಟ್ಟು, ಅವರನ್ನು ಒಬ್ಬರೇ ಬಿಡದೆ, ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನಾನು ಯಾಕೆ ಅಂತ ಕೇಳುವುದಕ್ಕಿಂತ ಯಾವಾಗಿಂದ ಅಂತ ಜಾಸ್ತಿ ಕೇಳುತ್ತೇನೆ. ನಿದ್ದೆ ಯಾವಾಗ ಕೆಟ್ಟಿತು, ಕೆಲಸಕ್ಕೆ ಹೋಗುವುದು ಎಂದು ನಿಂತಿತು, ಮೊದಲು ಹೀಗಾಗಿತ್ತಾ, ಸೋದರಮಾವ ಅತ್ತೆ ಯಾರಿಗಾದರೂ ಇತ್ತಾ. ಅದಕ್ಕೇ ರೋಗಿಯ ಜೊತೆ ಮಲಗುವ, ಉಣ್ಣುವ ಒಬ್ಬರು ಬರಲಿ. ಹಳೆ ಚೀಟಿಗಳನ್ನೂ ಖಾಲಿಯಾದ ಗುಳಿಗೆ ಸ್ಟ್ರಿಪ್‌ಗಳನ್ನೂ ತನ್ನಿ. ಬೇರೆ ಎಲ್ಲೆಲ್ಲಿ ತೋರಿಸಿದ್ದೀರಿ ಅಂತ ಮುಚ್ಚಿಡಬೇಡಿ, ನಾನು ಬೈಯುವುದಿಲ್ಲ. ಅಲ್ಲಿ ನುಂಗಲು ಪುಡಿ ಕೊಟ್ಟಿದ್ದರೆ ಆ ಪೊಟ್ಟಣವೂ ಜೊತೆಗಿರಲಿ.