ಕ್ಲೌಡ್ ಸೆಕ್ಯೂರಿಟಿ: ಇದರಲ್ಲಿ ನಮ್ಮ ಪಾಲಿನ ಕೆಲಸ ಯಾವುದು?

ಕಲಬುರಗಿಯ ಗಂಜಿನಲ್ಲಿ ಈಗ ಅಡತಿ ಲೆಕ್ಕವೂ ಕ್ಲೌಡ್‌ಗೆ ಹೋಗುತ್ತಿದೆ. ಯಾವ ರೈತರು ಎಷ್ಟು ಕ್ವಿಂಟಲ್ ತೊಗರಿ ತಂದರು, ಅವರ ಬ್ಯಾಂಕ್ ಖಾತೆ ಯಾವುದು, ಆಧಾರ್ ಪ್ರತಿ, ಜಿಎಸ್‌ಟಿ ಬಿಲ್ಲು ಎಲ್ಲವನ್ನೂ ಇನ್ನೊಂದು ಕಂಪನಿಯ ಸರ್ವರಿನಲ್ಲಿ ಬಾಡಿಗೆಗೆ ಜಾಗ ಹಿಡಿದು ಇಡುತ್ತಾರೆ, ಇಂಟರ್ನೆಟ್ ಮೂಲಕ ತೆಗೆದು ನೋಡುತ್ತಾರೆ. ಆ ಸರ್ವರ್ ಪರದೇಶದಲ್ಲೇ ಇರಬೇಕೆಂದಿಲ್ಲ. ಅಮೆಜಾನ್ ವೆಬ್ ಸರ್ವಿಸಸ್ 2016ರಲ್ಲಿ ಮುಂಬೈಯಲ್ಲೂ 2022ರಲ್ಲಿ ನಮ್ಮ ಪಕ್ಕದ ಹೈದರಾಬಾದಿನಲ್ಲೂ ತನ್ನ ಕೇಂದ್ರಗಳನ್ನು ಶುರು ಮಾಡಿದೆ. ಹೀಗೆ ಇಟ್ಟ ಮಾಹಿತಿ ಕಳವಾಗದಂತೆ, ಅಳಿಸಿಹೋಗದಂತೆ, ಬೇಕೆಂದಾಗ ಸಿಗುವಂತೆ ನೋಡಿಕೊಳ್ಳುವ ಏರ್ಪಾಡಿಗೆಲ್ಲ ಸೇರಿ ಕ್ಲೌಡ್ ಸೆಕ್ಯೂರಿಟಿ ಎನ್ನುತ್ತಾರೆ.

'ದೊಡ್ಡ ಕಂಪನಿ ಅದ, ಅವರೇ ನೋಡ್ಕೋತಾರ್ರಿ' ಎಂಬ ನಂಬಿಕೆಯೇ ಇಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ತೊಗರಿ ಚೀಲ ಇಟ್ಟ ಗೋದಾಮಿನ ಗೋಡೆ, ಛಾವಣಿ, ಕಾವಲು ಗೋದಾಮಿನವರದು. ಚೀಲ ಬಿಡಿಸಿಕೊಳ್ಳುವ ರಸೀದಿಯನ್ನು ಯಾರ ಕೈಗೆ ಕೊಡಬೇಕೆಂಬುದು ಮಾಲು ಇಟ್ಟವರಿಗೆ ಬಿಟ್ಟದ್ದು. ಕ್ಲೌಡ್ ಕಂಪನಿಗಳು ಇದನ್ನೇ 'ಹಂಚಿಕೊಂಡ ಹೊಣೆ' ಎಂದು ಒಪ್ಪಂದದಲ್ಲಿ ಬರೆದಿರುತ್ತವೆ. ಕಟ್ಟಡ, ಕರೆಂಟು, ಯಂತ್ರ ಅವರ ಪಾಲು. ಪಾಸ್‌ವರ್ಡ್, ಯಾರಿಗೆ ಏನು ಕಾಣಬೇಕೆಂಬ ಅನುಮತಿ, ಸೆಟ್ಟಿಂಗ್ ನಮ್ಮ ಪಾಲು. ತೊಂದರೆ ಹೆಚ್ಚಾಗಿ ಶುರುವಾಗುವುದು ಈ ನಮ್ಮ ಪಾಲಿನಲ್ಲೇ.

ಒಂದು ಸಣ್ಣ ದಾಲ್ ಮಿಲ್ಲಿನ ಕಚೇರಿಯನ್ನೇ ತೆಗೆದುಕೊಳ್ಳಿ. ಲಾಗಿನ್ ಒಂದೇ. ಸಾವಕಾರರು, ಮುನೀಮರು, ಟ್ಯಾಕ್ಸ್ ನೋಡುವವರು ಮೂವರೂ ಅದನ್ನೇ ಬಳಸುತ್ತಾರೆ. ಪಾಸ್‌ವರ್ಡ್ ಮಿಲ್ಲಿನ ಹೆಸರು, ಮುಂದೆ 123. ಮುನೀಮರು ಕೆಲಸ ಬಿಟ್ಟು ಬೇರೆ ಮಿಲ್ಲಿಗೆ ಹೋದ ಮೇಲೂ ಅವರ ಮೊಬೈಲಿನಲ್ಲಿ ಇಡೀ ಖಾತೆ ತೆರೆದೇ ಇರುತ್ತದೆ. ರೈತರ ಆಧಾರ್, ಪಹಣಿ ಇರುವ ಫೋಲ್ಡರನ್ನು ಒಮ್ಮೆ ವಾಟ್ಸಾಪ್‌ನಲ್ಲಿ ಕಳಿಸಲು 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂದು ಒತ್ತಿದ್ದನ್ನು ಆಮೇಲೆ ಯಾರೂ ಬದಲಿಸಿಲ್ಲ. ಇಲ್ಲಿ ಯಾವ ಹ್ಯಾಕರ್ ಬೀಗ ಒಡೆಯಬೇಕು? ಒಬ್ಬೊಬ್ಬರಿಗೂ ಬೇರೆ ಲಾಗಿನ್, ಪಾಸ್‌ವರ್ಡಿನ ಜೊತೆಗೆ ಮೊಬೈಲಿನಲ್ಲಿ ಒಟಿಪಿಯಂಥ ಎರಡನೆಯ ತಪಾಸಣೆ, ಕೆಲಸ ಬಿಟ್ಟ ದಿನವೇ ಲಾಗಿನ್ ಬಂದ್. ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ, ಯಾರಾದರೂ ಕೂತು ಮಾಡಬೇಕು ಅಷ್ಟೇ.

ಬ್ಯಾಕಪ್, ಅಂದರೆ ಮಾಹಿತಿಯ ಇನ್ನೊಂದು ಪ್ರತಿ ಇಡುವ ವಿಷಯಕ್ಕೆ ಇನ್ನೂ ಹೆಚ್ಚು ಒತ್ತು ಕೊಟ್ಟು ಹೇಳಬೇಕು. ಕೋಡ್ ಸ್ಪೇಸಸ್ ಎಂಬ ಕಂಪನಿ ತನ್ನ ಮಾಹಿತಿಯನ್ನೂ ಅದರ ಬ್ಯಾಕಪ್ಪನ್ನೂ ಅಮೆಜಾನ್ ಕ್ಲೌಡಿನಲ್ಲೇ ಇಟ್ಟಿತ್ತು. 2014ರಲ್ಲಿ ಕಳ್ಳರು ಅದರ ಇಡೀ ಕ್ಲೌಡ್ ಖಾತೆಯನ್ನು ನಡೆಸುವ ನಿಯಂತ್ರಣ ಫಲಕಕ್ಕೇ ನುಗ್ಗಿ ಹಣ ಕೇಳಿದರು, ಸಿಗದಾಗ ಬಹುಪಾಲು ಎಲ್ಲವನ್ನೂ ಅಳಿಸಿದರು. ಕಂಪನಿ ಬಾಗಿಲು ಹಾಕಿತು. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಬೆಂಕಿಗೆ ಆಹುತಿಯಾಯಿತು. ಬೇರೆ ಕಡೆ ಪ್ರತಿ ಇಟ್ಟಿರದ ಗ್ರಾಹಕರ ಮಾಹಿತಿ ಮರಳಿ ಸಿಗಲಿಲ್ಲ. ಹಾಗಾಗಿ ಒಂದು ಪ್ರತಿ ಬೇರೆ ಜಾಗದಲ್ಲಿ, ಬೇರೆ ಲಾಗಿನ್‌ನಲ್ಲಿ ಇರಲಿ. ಅದನ್ನು ಆಗಾಗ ತೆರೆದು, ಲೆಕ್ಕ ಸರಿಯಾಗಿ ಬರುತ್ತದೆಯೇ ಎಂದು ನೋಡಿ.

ಕಾನೂನೂ ಈ ಹೊಣೆಯನ್ನು ನಮ್ಮ ಮೇಲೇ ಇಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಯನ್ನು ಬೇರೆಯವರ ಕೈಯಲ್ಲಿ ಇಡಿಸಿದರೂ ಉತ್ತರ ಕೊಡಬೇಕಾದವರು ಅದನ್ನು ಸಂಗ್ರಹಿಸಿದವರೇ. ತಕ್ಕ ಭದ್ರತೆ ಮಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಆದೇಶದಂತೆ, ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಕಂಪನಿಗಳು ವರದಿ ಮಾಡಬೇಕು, 180 ದಿನಗಳ ಲಾಗ್ ದಾಖಲೆ ಇಟ್ಟಿರಬೇಕು. ಯಾರು ಯಾವಾಗ ಒಳಬಂದು ಏನು ತೆಗೆದರೆಂಬ ಈ ದಾಖಲೆ ಎಲ್ಲ ಸೇವೆಯಲ್ಲೂ ತಾನಾಗಿ ಪೂರ್ತಿ ಉಳಿಯುವುದಿಲ್ಲ. ಸಾಫ್ಟ್‌ವೇರ್ ಹಾಕಿಕೊಟ್ಟವರನ್ನು ಕರೆಸಿ, ಲಾಗ್ ಆನ್ ಇದೆಯೇ, ಎಷ್ಟು ದಿನದ್ದು ಉಳಿಯುತ್ತದೆ ಎಂದು ಕೇಳಿ ತೋರಿಸಿಕೊಳ್ಳಿ.