ಗಣಿಯ ಬಾಯಲ್ಲಿ ಹುಟ್ಟಿದ ಯಂತ್ರ

ಕಲ್ಲಿದ್ದಲು ಗಣಿಗೆ ದೊಡ್ಡ ಶತ್ರು ನೀರು. ಅಗೆದಷ್ಟೂ ಒರತೆ ನುಗ್ಗುತ್ತದೆ. ಹದಿನೆಂಟನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಎಷ್ಟೋ ಗಣಿಗಳಲ್ಲಿ ಕುದುರೆ ಕಟ್ಟಿ ನೀರೆತ್ತಿ ಸಾಕಾಗಿಹೋಗಿತ್ತು.

1712ರಲ್ಲಿ ಡಡ್ಲಿ ಕೋಟೆಯ ಹತ್ತಿರದ ಗಣಿಯೊಂದರಲ್ಲಿ ಥಾಮಸ್ ನ್ಯೂಕಾಮನ್ ಎಂಬ ಕಬ್ಬಿಣದ ವ್ಯಾಪಾರಿ ಒಂದು ಯಂತ್ರ ನಿಲ್ಲಿಸಿದ. ನೋಡಿದವರಿಗೆ ನಮ್ಮ ಏತದ ನೆನಪಾಗಬೇಕು: ನಡುವೆ ಆಧಾರ, ಅದರ ಮೇಲೆ ತೂಗುವ ಉದ್ದನೆಯ ಮರ, ಒಂದು ತುದಿಯಲ್ಲಿ ನೀರು. ಏತದ ಮೇಲೆ ಹಿಂದೆ ಮುಂದೆ ನಡೆಯುವ ಆಳಿನ ಕೆಲಸವನ್ನು ಇಲ್ಲಿ ಗಾಳಿಯೇ ಮಾಡುತ್ತಿತ್ತು. ದೊಡ್ಡ ಸಿಲಿಂಡರಿಗೆ ಉಗಿ ತುಂಬಿ ಒಳಗೆ ತಣ್ಣೀರು ಚಿಮ್ಮಿಸಿದರೆ ಉಗಿ ಮತ್ತೆ ನೀರಾಗಿ ಕುಗ್ಗುತ್ತದೆ, ಒಳಗೆ ನಿರ್ವಾತ ಉಂಟಾಗುತ್ತದೆ. ಸಿಲಿಂಡರಿನೊಳಗೆ ಜಾರುವ, ಮರದ ಒಂದು ತುದಿಗೆ ಕಟ್ಟಿದ ಬಿಲ್ಲೆಯೇ ಪಿಸ್ಟನ್. ಹೊರಗಿನ ವಾಯುಭಾರ ಅದನ್ನು ಕೆಳಕ್ಕೆ ಒತ್ತಿದಾಗ ಮರದ ಇನ್ನೊಂದು ತುದಿ ಗಣಿಯ ನೀರನ್ನು ಮೇಲಕ್ಕೆಳೆಯುತ್ತದೆ. ಹೀಗೆ ನಿಮಿಷಕ್ಕೆ ಸುಮಾರು 12 ಸಲ.

ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಒಂದು ಪಾಲೂ ಕೆಲಸಕ್ಕೆ ಬರುತ್ತಿರಲಿಲ್ಲ. ಆದರೂ ಗಣಿ ಮಾಲೀಕರು ತಲೆ ಕೆಡಿಸಿಕೊಳ್ಳಲಿಲ್ಲ. ಮಾರಾಟವಾಗದ ಪುಡಿ ಕಲ್ಲಿದ್ದಲು ಅಲ್ಲೇ ರಾಶಿ ಬಿದ್ದಿರುತ್ತಿತ್ತು. ಕಲ್ಲಿದ್ದಲು ಉರಿಸಿ ನೀರೆತ್ತು, ನೀರೆತ್ತಿ ಇನ್ನಷ್ಟು ಕಲ್ಲಿದ್ದಲು ತೆಗೆ. ಮುಂದಿನ ಮುನ್ನೂರು ವರ್ಷಗಳನ್ನು ಅರ್ಥ ಮಾಡಿಕೊಳ್ಳಲು ನಾನು ಮತ್ತೆ ಮತ್ತೆ ಮರಳುವುದು ಈ ಸುತ್ತಿಗೇ.

ಜೇಮ್ಸ್ ವಾಟ್ ಉಗಿಯಂತ್ರ ಕಂಡುಹಿಡಿದ ಎಂದು ಶಾಲೆಯಲ್ಲಿ ಓದಿದವರು ನಾವು. ಅವನು ಮಾಡಿದ್ದು ದುಂದನ್ನು ತಡೆದದ್ದು. ಪ್ರತಿ ಸಲವೂ ಸಿಲಿಂಡರನ್ನು ಕಾಯಿಸಿ, ತಣಿಸಿ, ಮತ್ತೆ ಕಾಯಿಸುವುದರಲ್ಲೇ ಶಾಖ ಪೋಲಾಗುತ್ತಿತ್ತು. ಉಗಿಯನ್ನು ಬೇರೆಯೇ ಪಾತ್ರೆಗೆ ಒಯ್ದು ತಣಿಸಿದರೆ ಸಿಲಿಂಡರ್ ಬಿಸಿಯಾಗಿಯೇ ಉಳಿಯುತ್ತದಲ್ಲ ಎಂದು 1765ರಲ್ಲಿ ಅವನಿಗೆ ಹೊಳೆಯಿತು. ಆ ಪಾತ್ರೆಯೇ ಕಂಡೆನ್ಸರ್. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಕೃಷ್ಣೆಯ ನೀರು ಇವತ್ತಿಗೂ ತಣಿಸುವುದು ಅದೇ ಕಂಡೆನ್ಸರಿನ ದೊಡ್ಡ ರೂಪವನ್ನು. ವಾಟ್‌ನ ಯಂತ್ರಕ್ಕೆ ಗಿರಾಕಿಗಳು ಸಿಕ್ಕಿದ್ದು ಕಾರ್ನ್‌ವಾಲಿನ ತವರ ಮತ್ತು ತಾಮ್ರದ ಗಣಿಗಳಲ್ಲಿ. ಅಲ್ಲಿ ಕಲ್ಲಿದ್ದಲಿಲ್ಲ, ಹಡಗಿನಲ್ಲಿ ತರಿಸಬೇಕು, ದುಬಾರಿ. ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಭಾಗವನ್ನು ವಾಟ್ ಮತ್ತು ಅವನ ಪಾಲುದಾರ ಬೌಲ್ಟನ್ ಶುಲ್ಕವಾಗಿ ಪಡೆಯುತ್ತಿದ್ದರು.

ಉಳಿತಾಯವಾದರೆ ಬಳಕೆ ಇಳಿಯಬೇಕಿತ್ತಲ್ಲವೇ? ಆದದ್ದು ತಿರುಗುಮುರುಗು. ಯಂತ್ರ ಮಿತವ್ಯಯಿಯಾದಂತೆ ಬಟ್ಟೆ ಗಿರಣಿ, ಕಬ್ಬಿಣದ ಕುಲುಮೆ, ರೈಲು, ಹಡಗು ಎಲ್ಲವೂ ಅದನ್ನು ಬಯಸಿದವು. ಮಿತವಾಗಿ ಉರಿಸುವ ಯಂತ್ರವೇ ಒಟ್ಟು ಬಳಕೆಯನ್ನು ಹೆಚ್ಚಿಸುತ್ತದೆ ಎಂದು ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಬರೆದ. 1913ರಲ್ಲಿ ಬ್ರಿಟನ್ ಒಂದೇ ವರ್ಷದಲ್ಲಿ ಅಗೆದದ್ದು 28 ಕೋಟಿ ಟನ್ನಿಗೂ ಹೆಚ್ಚು.

ಇಷ್ಟೂ ಕಾಲ ಎಣಿಸಿದ್ದು ಕಲ್ಲಿದ್ದಲನ್ನು. ಹೊಗೆಯ ಲೆಕ್ಕ ಇಟ್ಟವರು ವಿರಳ. ಒಂದು ಟನ್ ಇಂಗಾಲ ಉರಿದರೆ ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಂಡು ಸುಮಾರು 3.67 ಟನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಅನಿಲ ಶಾಖವನ್ನು ಹಿಡಿದಿಡುತ್ತದೆಂದು ವಿಜ್ಞಾನಿಗಳಾದ ಯೂನಿಸ್ ಫೂಟ್, ಟಿಂಡಾಲ್, ಅರೇನಿಯಸ್ ಹತ್ತೊಂಬತ್ತನೇ ಶತಮಾನದಲ್ಲೇ ತೋರಿಸಿದ್ದರು. ಆದರೆ ಭೂಮಿ ಈಗಾಗಲೇ ಬಿಸಿಯಾಗುತ್ತಿದೆ ಎಂದು ಅಂಕಿಅಂಶ ಹಿಡಿದು ಹೇಳಿದವರು ಗೈ ಕ್ಯಾಲೆಂಡರ್, 1938ರಲ್ಲಿ. ಅವರು ಹವಾಮಾನ ತಜ್ಞರಲ್ಲ, ಉಗಿ ಎಂಜಿನಿಯರ್! ಇದು ಕಾಕತಾಳೀಯವೆಂದು ನನಗನ್ನಿಸುವುದಿಲ್ಲ. ಬಾಯ್ಲರಿನ ಶಾಖವನ್ನು ತೂಗಿ ನೋಡುವ ಅಭ್ಯಾಸ ಅವರಿಗಿತ್ತು. 147 ಹವಾಮಾನ ಕೇಂದ್ರಗಳ ದಾಖಲೆಗಳನ್ನು ಕೈಯಲ್ಲೇ ಲೆಕ್ಕ ಹಾಕಿ, ಹಿಂದಿನ ಅರ್ಧ ಶತಮಾನದಲ್ಲಿ ಇಂಧನ ದಹನದಿಂದ ಸುಮಾರು 15,000 ಕೋಟಿ ಟನ್ ಡೈಆಕ್ಸೈಡ್ ಗಾಳಿಗೆ ಸೇರಿದೆ, ತಾಪ ಏರುತ್ತಿದೆ ಎಂದರು. ಹವಾಮಾನ ಸಂಘದ ಸದಸ್ಯರು ನಂಬಲಿಲ್ಲ. ಈ ಬಿಸಿ ಉತ್ತರದ ಬೇಸಾಯಕ್ಕೆ ಒಳ್ಳೆಯದು, ಹಿಮಯುಗವನ್ನು ದೂರವಿಡುತ್ತದೆ ಎಂಬುದು ಸ್ವತಃ ಕ್ಯಾಲೆಂಡರರ ಎಣಿಕೆ. ಅವರ ತಾಪದ ಲೆಕ್ಕ ನಿಂತಿತು, ಈ ಎಣಿಕೆ ನಿಲ್ಲಲಿಲ್ಲ.

1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ವಿಜ್ಞಾನಿ ಕೀಲಿಂಗ್ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನವು ಸುಮಾರು 315. ಉಗಿಯಂತ್ರಕ್ಕೆ ಮೊದಲು 280ರಷ್ಟಿದ್ದವು. ಈಗ 420 ದಾಟಿವೆ.

ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಕೇಂದ್ರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು, ಡಡ್ಲಿಯ ಯಂತ್ರ ನಿಂತ 312 ವರ್ಷಗಳ ಮೇಲೆ. ಅದೇ ವರ್ಷ ಜಗತ್ತು 800 ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ಬಳಸಿತು. ಉರಿದ ಇಂಗಾಲದಲ್ಲಿ ಹೆಚ್ಚಿನದನ್ನು ಕಡಲು, ಕಾಡುಗಳು ನಿಧಾನವಾಗಿ ಹೀರಿಕೊಳ್ಳುತ್ತವೆ. ಉಳಿದ ಪಾಲು ಸಾವಿರಾರು ವರ್ಷ ಗಾಳಿಯಲ್ಲೇ ಇರುತ್ತದೆ, ಡಡ್ಲಿಯ ಪುಡಿ ಕಲ್ಲಿದ್ದಲಿನದೂ ಸೇರಿ.