ಗಡಿಯಾರ ಹಿಡಿದು ಬರುವ ಪ್ರೇಮಿ

ಆನ್‌ಲೈನ್ ಪ್ರೇಮವಂಚನೆಯ ಸುದ್ದಿ ಬಂದಾಗಲೆಲ್ಲ ‘ಓದುಬರಹ ಬಲ್ಲವರು ಇಷ್ಟು ದಡ್ಡರಾಗುವುದು ಹೇಗೆ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯೇ ತಪ್ಪು. ವಂಚಕನಿಗೆ ಎದುರಿನವರು ದಡ್ಡರಾಗಿರಬೇಕಿಲ್ಲ. ಯೋಚಿಸಲು ಅವರಿಗೆ ಪುರುಸೊತ್ತು ಸಿಗದಿದ್ದರೆ ಸಾಕು. ವಾರಗಟ್ಟಲೆ ಸವಿಮಾತಾಡಿದ ‘ಪ್ರೇಮಿ’ ಒಂದು ರಾತ್ರಿ ಇದ್ದಕ್ಕಿದ್ದಂತೆ ಆಸ್ಪತ್ರೆಯಲ್ಲೋ, ಪೊಲೀಸರ ವಶದಲ್ಲೋ, ಪರದೇಶದ ವಿಮಾನ ನಿಲ್ದಾಣದಲ್ಲೋ ಸಿಕ್ಕಿಬೀಳುವುದು ಅದಕ್ಕಾಗಿಯೇ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ 2022ರಲ್ಲಿ ಸುಮಾರು 70,000 ಮಂದಿ ಇಂಥ ವಂಚನೆಯ ದೂರು ಕೊಟ್ಟರು. ಅವರು ಕಳೆದುಕೊಂಡ ಹಣ ಸುಮಾರು 130 ಕೋಟಿ ಡಾಲರ್. ವಂಚಕರು ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ್ದ ಸುಳ್ಳು ‘ನಾನೋ ನನ್ನವರೋ ಕಾಯಿಲೆ ಬಿದ್ದಿದ್ದೇವೆ, ಪೆಟ್ಟಾಗಿದೆ, ಜೈಲಿನಲ್ಲಿದ್ದೇವೆ’ ಎಂಬುದು.

ಗಾಬರಿ ನಮ್ಮ ತಲೆಯೊಳಗೆ ಮಾಡುವ ಕೆಲಸ ಸ್ವಾರಸ್ಯಕರವಾದುದು. ಹಿಂದುಮುಂದು ನೋಡುವುದು, ಎರಡು ಮಾತುಗಳನ್ನು ತಾಳೆ ಹಾಕುವುದು, ಅನುಮಾನ ಪಡುವುದು ಇವೆಲ್ಲ ಹಣೆಯ ಹಿಂದಿರುವ ಮೆದುಳಿನ ಭಾಗವಾದ ಪ್ರಿಫ್ರಂಟಲ್ ಕಾರ್ಟೆಕ್ಸನ್ನು ಬಹುವಾಗಿ ಅವಲಂಬಿಸಿವೆ. ನಾರ್‌ಅಡ್ರಿನಲಿನ್ ಮತ್ತು ಡೋಪಮೀನ್ ಎಂಬ ಮೆದುಳಿನ ರಾಸಾಯನಿಕಗಳು ಹದವಾಗಿದ್ದರೆ ಈ ಭಾಗ ಚುರುಕಾಗಿರುತ್ತದೆ. ಗಾಬರಿಯಲ್ಲಿ ಅವೇ ಉಕ್ಕಿ ಹರಿದರೆ ಅಲ್ಲಿನ ನರಕೋಶಗಳ ನಡುವಿನ ಸಂಪರ್ಕ ಸಡಿಲಗೊಳ್ಳುತ್ತದೆ. ದೀಪ ಉರಿಯಲು ಗಾಳಿ ಬೇಕು, ಬಿರುಗಾಳಿಯಾದರೆ ಅದೇ ಗಾಳಿ ದೀಪವನ್ನು ಆರಿಸುತ್ತದೆ. ಪೈರಿಗೆ ನೀರು ಬೇಕು, ಕೆರೆಯ ಕಟ್ಟೆ ಒಡೆದರೆ ಅದೇ ನೀರು ಪೈರನ್ನು ಕೊಚ್ಚಿಕೊಂಡು ಹೋಗುತ್ತದೆ. ಆ ಹೊತ್ತಿನಲ್ಲಿ, ಅಪಾಯಕ್ಕೆ ಥಟ್ಟನೆ ಸ್ಪಂದಿಸುವ ಅಮಿಗ್ಡಲದಂಥ ಭಾಗಗಳ ಕೈ ಮೇಲಾಗುತ್ತದೆ. ಯಜಮಾನ ಮೂರ್ಛೆ ಹೋದ ಮನೆಯನ್ನು ಕಾವಲುಗಾರ ಆಳತೊಡಗಿದಂತೆ ಇದು: ಓಡುವುದಕ್ಕೂ ಹೊಡೆಯುವುದಕ್ಕೂ ಆತ ಸಮರ್ಥ, ಲೆಕ್ಕದ ಪುಸ್ತಕ ಮಾತ್ರ ಅವನಿಗೆ ಓದಲು ಬಾರದು.

ಅವಸರವೊಂದೇ ಸಾಕು, ಭಯವೂ ಬೇಕಿಲ್ಲ ಎಂಬುದಕ್ಕೆ ಮನೋವಿಜ್ಞಾನಿಗಳಾದ ಡಾರ್ಲಿ ಮತ್ತು ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನೆಯಬಹುದು. ಪ್ರಿನ್ಸ್‌ಟನ್‌ನ ಧರ್ಮಶಾಸ್ತ್ರ ವಿದ್ಯಾರ್ಥಿಗಳನ್ನು ಭಾಷಣ ಮಾಡಲು ಪಕ್ಕದ ಕಟ್ಟಡಕ್ಕೆ ಕಳುಹಿಸಲಾಯಿತು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತಿದ್ದ. ಬೇಕಾದಷ್ಟು ಸಮಯವಿದೆ ಎಂದುಕೊಂಡವರಲ್ಲಿ ಶೇ. 63 ಮಂದಿ ನೆರವಿಗೆ ನಿಂತರೆ, ತಡವಾಗಿದೆ ಎಂದು ಕೇಳಿಸಿಕೊಂಡವರಲ್ಲಿ ನಿಂತವರು ಶೇ. 10 ಮಾತ್ರ. ಕಣ್ಣೆದುರು ನರಳುತ್ತಿದ್ದವನನ್ನೇ ದಾಟಿ ಹೋಗುವಂತೆ ಮಾಡುವ ಅವಸರವು, ‘ವಿಡಿಯೊ ಕರೆಗೆ ಇವನೇಕೆ ಎಂದೂ ಬರಲಿಲ್ಲ?’ ಎಂಬ ಸಣ್ಣ ಸಂಶಯವನ್ನು ದಾಟಿಸದೆ ಬಿಟ್ಟೀತೇ?

ಈ ತಂತ್ರ ಅಂತರ್ಜಾಲದೊಂದಿಗೆ ಹುಟ್ಟಿದ್ದಲ್ಲ. ಫ್ರಾನ್ಸಿನ ಪತ್ತೇದಾರ ವಿಡಾಕ್ 1828ರಲ್ಲಿ ಹೊರಬಂದ ತನ್ನ ನೆನಪುಗಳಲ್ಲಿ ‘ಜೆರೂಸಲೇಮ್ ಪತ್ರ’ಗಳ ವಿಷಯ ಹೇಳುತ್ತಾನೆ: ಸೆರೆಮನೆಯ ಕೈದಿಗಳು, ಹುಗಿದಿಟ್ಟ ನಿಧಿಯಿದೆ, ಅದನ್ನು ಪಡೆಯಲು ಈಗ ಸ್ವಲ್ಪ ಹಣ ಬೇಕು ಎಂದು ಅಪರಿಚಿತ ಸಿರಿವಂತರಿಗೆ ಬರೆಯುತ್ತಿದ್ದರು. ಅದೇ ಶತಮಾನದಲ್ಲಿ ಬೆಳೆದ ‘ಸ್ಪ್ಯಾನಿಷ್ ಕೈದಿ’ ವಂಚನೆಯಲ್ಲಿ ಸೆರೆಯಾಳಿನ ಜೊತೆಗೆ ಅನಾಥಳಾಗಲಿರುವ ಮಗಳೂ ಸೇರಿಕೊಂಡಳು. ಆದರೆ ಅಂಚೆಯು ನಿಧಾನ. ಉತ್ತರ ಬರೆಯುವಷ್ಟರಲ್ಲಿ ಓದಿದವರು ಒಂದೆರಡು ರಾತ್ರಿ ನಿದ್ದೆ ಮಾಡಿರುತ್ತಿದ್ದರು. ಇಂದಿನ ವಂಚಕ ಆ ನಿದ್ದೆಯನ್ನೇ ಕಿತ್ತುಕೊಂಡಿದ್ದಾನೆ. ‘ಇನ್ನು ಒಂದು ಗಂಟೆಯಲ್ಲಿ ಶಸ್ತ್ರಚಿಕಿತ್ಸೆ’ ಎಂಬ ಸಂದೇಶದ ಹಿಂದೆಯೇ ‘ಯಾರಿಗೂ ಹೇಳಬೇಡ’ ಎಂಬ ಸಂದೇಶವೂ ಬರುತ್ತದೆ, ಏಕೆಂದರೆ ಗಾಬರಿಯಾಗದ ಇನ್ನೊಂದು ತಲೆ ಹತ್ತಿರವಿದ್ದರೆ ಆಟ ಅಲ್ಲಿಗೇ ಮುಗಿಯುತ್ತದೆ.

ಒಮ್ಮೆ ಹಣ ಕಳುಹಿಸಿದ ಮೇಲೆ ಮುಂದಿನದು ಅವನಿಗೆ ಸುಲಭ. ಇಲ್ಲಿಗೇ ನಿಲ್ಲಿಸಿದರೆ ಈವರೆಗೆ ಕೊಟ್ಟದ್ದೂ ಹೋಯಿತು, ನಂಬಿದ ಪ್ರೀತಿಯೂ ಸುಳ್ಳಾಯಿತು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಆ ನೋವನ್ನು ಒಂದು ದಿನ ಮುಂದೂಡುವ ಬೆಲೆಯಾಗಿ ಇನ್ನೊಂದು ಕಂತು ಹೊರಡುತ್ತದೆ. ಎಲ್ಲ ಬಯಲಾದ ಬಳಿಕ ಎಷ್ಟೋ ಸಲ ಹೊಸಬನೊಬ್ಬ ಕರೆ ಮಾಡುತ್ತಾನೆ. ತಾನು ತನಿಖಾಧಿಕಾರಿ, ಕಳೆದ ಹಣ ಪತ್ತೆಯಾಗಿದೆ, ಬಿಡಿಸಿಕೊಳ್ಳಲು ಒಂದು ಶುಲ್ಕವಿದೆ ಎನ್ನುತ್ತಾನೆ; ಕಡತ ಇಂದು ಸಂಜೆಯೇ ಮುಚ್ಚಿಹೋಗುವುದಂತೆ.